ಹುಳುವಿನ ವಯಸ್ಸು ನೋಡಿ ಕಣಜ ಕೊಡಿ: ತೋಟಗಾರಿಕೆ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ತೋಟಗಾರಿಕೆಯ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ, ಪರೋಪಜೀವಿ ಸಾಕುವ ಪ್ರಯೋಗಾಲಯಗಳ ಸಿಬ್ಬಂದಿಗೆ ಮತ್ತು ನನ್ನಂತೆ ತೆಂಗನ್ನೇ ನಂಬಿ ಕುಳಿತವರಿಗೆ,

ಮಾನ್ಯರೇ,

ಹೋದ ವರ್ಷ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಕಚೇರಿಯೊಂದರಿಂದ ಕರೆ ಬಂತು. ‘ನಿಮ್ಮ ಪರೋಪಜೀವಿ ಬಂದಿವೆ, ತೆಗೆದುಕೊಂಡು ಹೋಗಿ’ ಎಂದರು. ತೆಂಗಿನ ಗರಿ ತಿನ್ನುವ ಕಪ್ಪು ತಲೆ ಹುಳುವಿನ ಮೇಲೆ ಬಿಡಲು, ಆ ಹುಳುವನ್ನೇ ತಿಂದು ಬೆಳೆಯುವ ಸಣ್ಣ ಕಣಜಗಳಿಗಾಗಿ ಅರ್ಜಿ ಕೊಟ್ಟು ಐದು ವಾರವಾಗಿತ್ತು. ಬಸ್ಸು ಹಿಡಿದು ಹೋದೆ. ಹತ್ತಿಯ ಬಿರಡೆ ಹಾಕಿದ ಗಾಜಿನ ನಳಿಕೆಗಳನ್ನು ಹಳೆಯ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕೈಗೆ ಕೊಟ್ಟರು. ಒಳಗೆ ಅಲ್ಲಲ್ಲಿ ಜೇನಿನ ಸಣ್ಣ ಹನಿ, ಅದರ ಸುತ್ತ ಓಡಾಡುವ ಕರಿ ಇರುವೆಯಂಥ ಜೀವಗಳು. ಬಿಸಿಲು ತಾಗದಿರಲೆಂದು ಪೆಟ್ಟಿಗೆಯ ಮೇಲೆ ಒದ್ದೆ ಟವೆಲ್ ಹೊದಿಸಿ, ಮಗುವನ್ನು ತರುವಂತೆ ತೊಡೆಯ ಮೇಲಿಟ್ಟುಕೊಂಡು ತಂದೆ. ಬಿಸಿಲು ಇಳಿದ ಮೇಲೆ ಮರದಿಂದ ಮರಕ್ಕೆ ಹೋಗಿ ಬಿಟ್ಟೆ.

ಮರುದಿನ ದೋಟಿಯಿಂದ ಎರಡು ಗರಿ ಕೆಡವಿ ಎಲೆಯ ಅಡಿಯನ್ನು ಬಿಡಿಸಿ ನೋಡಿದೆ. ಹುಳುಗಳೇ ಇರಲಿಲ್ಲ. ಎಲ್ಲ ಕೋಶಗಳಾಗಿದ್ದವು. ಕೆಲವು ಒಡೆದು ಖಾಲಿಯಾಗಿದ್ದವು, ಅವುಗಳೊಳಗಿನ ಪತಂಗ ಆಗಲೇ ಹಾರಿಹೋಗಿತ್ತು. ನಾನು ಅಷ್ಟು ಜೋಪಾನವಾಗಿ ತಂದು ಬಿಟ್ಟದ್ದು ಹುಳುವನ್ನು ಹಿಡಿಯುವ ಕಣಜ. ಅದಕ್ಕೆ ಕೋಶ ಬೇಡ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು.

ಯಾರೊಬ್ಬರ ಮೇಲೂ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ. ನಳಿಕೆ ಕೊಟ್ಟ ಸಿಬ್ಬಂದಿ ಸಜ್ಜನರು. ಕುಡಿಯಲು ನೀರು ಕೊಟ್ಟು, ‘ತಂಪು ಹೊತ್ತಿನಲ್ಲಿ ಬಿಡಿ, ಔಷಧಿ ಹೊಡೆಯಬೇಡಿ’ ಎಂದು ಎರಡು ಸಲ ಹೇಳಿ ಕಳಿಸಿದರು. ಅವರು ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಆದರೆ ‘ನಿಮ್ಮ ತೋಟದಲ್ಲಿ ಈಗ ಹುಳು ಎಷ್ಟು ದೊಡ್ಡದಿದೆ?’ ಎಂಬ ಒಂದು ಪ್ರಶ್ನೆಯನ್ನು ಅರ್ಜಿ ತೆಗೆದುಕೊಳ್ಳುವಾಗಲೂ ಯಾರೂ ಕೇಳಲಿಲ್ಲ, ನಳಿಕೆ ಕೊಡುವಾಗಲೂ ಕೇಳಲಿಲ್ಲ. ಅರ್ಜಿಯ ನಮೂನೆಯಲ್ಲಿ ಸರ್ವೆ ನಂಬರ್ ಇದೆ, ಮರಗಳ ಸಂಖ್ಯೆ ಇದೆ, ಆಧಾರ್ ಇದೆ. ಹುಳುವಿಗೆ ಮಾತ್ರ ಅದರಲ್ಲಿ ಜಾಗವಿಲ್ಲ.

ತೆಂಗಿನ ಪರಿಚಯವಿಲ್ಲದವರೂ ಇದನ್ನು ಓದಬಹುದು, ಆದ್ದರಿಂದ ಹುಳುವಿನ ಬಗ್ಗೆ ನಾಲ್ಕು ಮಾತು. ನಾವು ಕಪ್ಪು ತಲೆ ಹುಳು ಎನ್ನುವುದು ಬೂದು ಬಣ್ಣದ ಒಂದು ಸಣ್ಣ ಪತಂಗದ ಮರಿ. ಶಾಸ್ತ್ರೀಯ ಹೆಸರು ಒಪಿಸಿನಾ ಅರೆನೊಸೆಲ್ಲಾ. ತಲೆ ಕಪ್ಪು, ಮೈ ತಿಳಿ ಹಸಿರು, ಉದ್ದಕ್ಕೂ ಕಂದು ಗೆರೆಗಳು. ಅದು ಎಲೆಯನ್ನು ಕತ್ತರಿಸಿ ತಿನ್ನುವುದಿಲ್ಲ. ಎಲೆಯ ಅಡಿಭಾಗದಲ್ಲಿ ತನ್ನ ನೂಲನ್ನೂ ಹಿಕ್ಕೆಯನ್ನೂ ಸೇರಿಸಿ ಒಂದು ಕೊಳವೆ ಕಟ್ಟಿಕೊಳ್ಳುತ್ತದೆ. ಅದರೊಳಗೇ ಅಡಗಿ ಕುಳಿತು ಹರಿತ್ತನ್ನು ಕೆರೆದು ತಿನ್ನುತ್ತದೆ. ಮೇಲಿನ ಪೊರೆ ಮಾತ್ರ ಉಳಿಯುತ್ತದೆ, ಅದು ಒಣಗಿ ಕಾಗದದಂತಾಗುತ್ತದೆ. ಮೊದಲು ಕೆಳಗಿನ ಹಳೆಯ ಗರಿಗಳು, ಆಮೇಲೆ ಮೇಲಿನವು. ಬೇಸಿಗೆಯಲ್ಲಿ ಹಾವಳಿ ಏರಿತೆಂದರೆ ದೂರದಿಂದ ನೋಡಿದವರಿಗೆ ತೋಟಕ್ಕೆ ಬೆಂಕಿ ಬಿದ್ದಂತೆ ಕಾಣುತ್ತದೆ, ಸುಳಿಯ ಸುತ್ತ ನಾಲ್ಕು ಗರಿ ಮಾತ್ರ ಹಸಿರು. ಮರ ಸಾಯುವುದಿಲ್ಲ ನಿಜ. ಆದರೆ ತೀವ್ರ ಹಾವಳಿಯ ಮರುವರ್ಷ ಕಾಯಿಯ ಇಳುವರಿ ಶೇಕಡಾ 45ರಷ್ಟು ಕುಸಿದದ್ದನ್ನು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ವಿಜ್ಞಾನಿಗಳು ದಾಖಲಿಸಿದ್ದಾರೆ. ತೆಂಗಿಗೆ ವರ್ಷಕ್ಕೆ ಹನ್ನೆರಡು, ಹದಿಮೂರು ಹೊಸ ಗರಿ ಬರುತ್ತವೆ. ಒಂದು ಬೇಸಿಗೆಯಲ್ಲಿ ಸುಟ್ಟ ತಲೆ ಮತ್ತೆ ತುಂಬಲು ಎರಡು ವರ್ಷವಾದರೂ ಬೇಕು.

ಈಗ ಕಣಜದ ವಿಷಯ. ಕನ್ನಡದಲ್ಲಿ ಕಣಜವೆಂದರೆ ಕಚ್ಚುವ ಹುಳುವೂ ಹೌದು, ದವಸ ತುಂಬಿಡುವ ಜಾಗವೂ ಹೌದು. ನನಗೆ ಈ ಎರಡರ್ಥವೂ ಗೋನಿಯೋಜಸ್ ನೆಫಾಂಟಿಡಿಸ್ ಎಂಬ ಈ ಪುಟ್ಟ ಜೀವಿಯಲ್ಲಿ ಕೂಡಿದಂತೆ ಕಾಣುತ್ತದೆ. ಅದರ ಹೆಸರಿನಲ್ಲೇ ಒಂದು ಕಥೆಯಿದೆ. ಕಪ್ಪು ತಲೆ ಹುಳುವಿಗೆ ಹಿಂದೆ ನೆಫಾಂಟಿಸ್ ಎಂಬ ಹೆಸರಿತ್ತು. ಪತಂಗದ ಹೆಸರು ಬದಲಾಯಿತು, ಅದರ ವೈರಿಗಳು ಮಾತ್ರ ಇಂದಿಗೂ ಹಳೆಯ ಹೆಸರನ್ನೇ ಹೊತ್ತು ತಿರುಗುತ್ತಿವೆ.

ಇದರ ಕೆಲಸವನ್ನು ನಾನು ಒಮ್ಮೆ ಭೂತಗನ್ನಡಿ ಹಿಡಿದು ನೋಡಿದ್ದೇನೆ. ಗರಿಯ ಒಂದು ತುಂಡು ಮೇಜಿನ ಮೇಲಿತ್ತು. ಕಣಜ ಕೊಳವೆಯ ಮೇಲೆ ನಡೆಯುತ್ತ, ಕುಡಿಮೀಸೆಯಿಂದ ತಟ್ಟುತ್ತ ಹೋಗಿ ಒಂದು ಕಡೆ ನಿಂತಿತು, ಒಳಗೆ ನುಗ್ಗಿತು. ಹುಳು ತನಗಿಂತ ಹಲವು ಪಟ್ಟು ದೊಡ್ಡದು. ಅದು ಮೈ ಕೊಡವಿತು, ಹಿಂದಕ್ಕೆ ಸರಿಯಿತು, ನೂಲು ಹರಿಯಿತು. ಕಣಜ ಬಿಡಲಿಲ್ಲ. ಮೈ ಬಾಗಿಸಿ ಚುಚ್ಚಿತು, ಸ್ವಲ್ಪ ಹೊತ್ತಿಗೆ ಮತ್ತೆ ಚುಚ್ಚಿತು. ಹುಳು ಸಾಯಲಿಲ್ಲ, ಆದರೆ ಮತ್ತೆ ಏಳಲೂ ಇಲ್ಲ. ಹೀಗೆ ಮಲಗಿಸಿದ ಹುಳುವಿನ ಮೈಮೇಲೆ ಕಣಜ ಮೊಟ್ಟೆ ಇಡುತ್ತದೆ. ಒಳಗಲ್ಲ, ಹೊರಗೆ, ಅಕ್ಕಪಕ್ಕದಲ್ಲಿ ಜೋಡಿಸಿಟ್ಟ ಹಾಗೆ. ಮರಿಗಳು ಹೊರಗಿನಿಂದಲೇ ತಲೆ ತೂರಿ ರಸ ಹೀರುತ್ತವೆ. ಕೆಲವೇ ದಿನಗಳಲ್ಲಿ ಹುಳು ಸುಕ್ಕಿದ ತೊಗಲಾಗುತ್ತದೆ, ಪಕ್ಕದಲ್ಲಿ ಕಂದು ಬಣ್ಣದ ಗೂಡುಗಳ ಪುಟ್ಟ ಗೊಂಚಲು ಎದ್ದಿರುತ್ತದೆ.

ನಮ್ಮ ಹಿರಿಯರು ಕೀಟಭ್ರಮರ ನ್ಯಾಯ ಎಂದೊಂದನ್ನು ಹೇಳುತ್ತಿದ್ದರು. ಹುಳುವೊಂದನ್ನು ಕುಂಡಲಿಗ ತನ್ನ ಗೂಡಿಗೆ ಎಳೆದು ತರುತ್ತದೆ, ಹುಳು ಅದನ್ನೇ ನೆನೆಯುತ್ತ ನೆನೆಯುತ್ತ ಕೊನೆಗೆ ತಾನೇ ಕುಂಡಲಿಗವಾಗುತ್ತದೆ ಎಂಬ ಮಾತು. ಭಕ್ತಿಗೆ ಒಳ್ಳೆಯ ಉಪಮೆ, ತಕರಾರಿಲ್ಲ. ಅವರ ಕಣ್ಣೂ ಸುಳ್ಳು ಹೇಳಿರಲಿಲ್ಲ. ಹುಳುವಿಟ್ಟ ಜಾಗದಿಂದ ಕಣಜ ಹೊರಬಂದದ್ದನ್ನು ಅವರು ನಿಜಕ್ಕೂ ಕಂಡಿದ್ದರು. ನಡುವೆ ನಡೆದದ್ದು ಧ್ಯಾನವಲ್ಲ, ಊಟ. ಅಷ್ಟೇ ವ್ಯತ್ಯಾಸ.

ಹೆಚ್ಚಿನ ಪರೋಪಜೀವಿ ಕಣಜಗಳು ಮೊಟ್ಟೆಯಿಟ್ಟು ತಮ್ಮ ಪಾಡಿಗೆ ಹೊರಟುಹೋಗುತ್ತವೆ. ಗೋನಿಯೋಜಸ್ ಹಾಗಲ್ಲ. ಮರಿಗಳು ಗೂಡು ಕಟ್ಟಿಕೊಳ್ಳುವವರೆಗೆ ತಾಯಿ ಅಲ್ಲೇ ಕಾವಲು ನಿಲ್ಲುತ್ತದೆ. ತನ್ನ ಹುಳುವಿನ ಬಳಿ ಇನ್ನೊಂದು ಹೆಣ್ಣು ಕಣಜ ಬಂದರೆ ಮೈಮೇಲೆ ಬಿದ್ದು ಕಾದಾಡುತ್ತದೆ. ಇಂಗ್ಲೆಂಡಿನ ವಿಜ್ಞಾನಿಗಳು ಪ್ರಾಣಿಗಳ ಜಗಳದ ನಿಯಮಗಳನ್ನು ಅಭ್ಯಾಸ ಮಾಡಲು ನಮ್ಮ ತೆಂಗಿನ ತೋಟದ ಈ ಕಣಜವನ್ನೇ ಆರಿಸಿಕೊಂಡರು. ದೊಡ್ಡ ಮೈಯ ಹೆಣ್ಣು ಸಾಮಾನ್ಯವಾಗಿ ಗೆಲ್ಲುತ್ತದೆಯಂತೆ. ಒಂದು ಸಂಸಾರದಲ್ಲಿ ಹೆಚ್ಚಿನವು ಹೆಣ್ಣುಮರಿಗಳೇ, ಗಂಡು ಸಾಮಾನ್ಯವಾಗಿ ಒಂದೇ ಒಂದು. ಬಾಣಂತಿತನ, ಕಾವಲು, ಜಗಳ, ಬೇಟೆ ಎಲ್ಲವೂ ಹೆಣ್ಣಿನದೇ. ಇದನ್ನು ಹೇಳಿದಾಗ ನನ್ನ ಹೆಂಡತಿ ‘ಇದರಲ್ಲಿ ಹೊಸದೇನಿದೆ?’ ಎಂದಳು.

ಮೊಟ್ಟೆಯಿಂದ ಹಿಡಿದು ರೆಕ್ಕೆ ಬಂದು ಹೊರಬೀಳುವವರೆಗೆ ಈ ಕಣಜಕ್ಕೆ ಎರಡು ವಾರವೂ ಬೇಕಿಲ್ಲ. ಕಪ್ಪು ತಲೆ ಹುಳುವಿನ ಒಂದು ಸುತ್ತಿಗೆ ಸುಮಾರು ಎರಡು ತಿಂಗಳು: ಮೊಟ್ಟೆ ಐದಾರು ದಿನ, ಹುಳು ನಲವತ್ತು ದಿನದ ಆಸುಪಾಸು, ಕೋಶ ಹನ್ನೆರಡು ದಿನ, ಆಮೇಲೆ ಪತಂಗ. ಈ ಲೆಕ್ಕ ನೋಡಿದವರಿಗೆ ಕಣಜವೇ ಗೆಲ್ಲಬೇಕು ಅನ್ನಿಸುತ್ತದೆ. ಗೆಲ್ಲುವುದೂ ಉಂಟು. ಆದರೆ ತೊಡಕು ಎಲ್ಲಿದೆ ನೋಡಿ. ಬೇರೆ ಬೆಳೆಗಳ ಅನೇಕ ಕೀಟಗಳಲ್ಲಿ ಮೊಟ್ಟೆ, ಮರಿ, ಕೋಶ ಎಲ್ಲವೂ ಒಂದೇ ಕಾಲಕ್ಕೆ ಬೆರೆತು ಸಿಗುತ್ತವೆ. ಕಪ್ಪು ತಲೆ ಹುಳು ಹಾಗಲ್ಲ. ಒಂದು ತೋಟದ ಹುಳುಗಳೆಲ್ಲ ಹೆಚ್ಚುಕಡಿಮೆ ಓರಗೆಯವು. ಎಲ್ಲವೂ ಒಟ್ಟಿಗೆ ಮೊಟ್ಟೆಯೊಡೆದು, ಒಟ್ಟಿಗೆ ಬೆಳೆದು, ಒಟ್ಟಿಗೆ ಕೋಶ ಸೇರುತ್ತವೆ. ಶ್ರೀಲಂಕಾದಲ್ಲೂ ಇದನ್ನು ಗುರುತಿಸಿದ್ದಾರೆ, ನಮ್ಮ ಬೆಂಗಳೂರಿನ ಸಂಶೋಧಕರೂ ಬರೆದಿದ್ದಾರೆ. ಅಂದರೆ ಗೋನಿಯೋಜಸ್‌ಗೆ ಬೇಕಾದ ಬಲಿತ ಹುಳು ತೋಟದಲ್ಲಿ ಸಿಗುವುದು ಕೆಲವೇ ವಾರ. ಅದಕ್ಕೆ ಮೊದಲು ಬಿಟ್ಟರೆ ಹುಳು ತೀರಾ ಎಳೆಯದು, ಆಮೇಲೆ ಬಿಟ್ಟರೆ ನನ್ನ ತೋಟದಲ್ಲಿ ಆದ ಹಾಗೆ ಕೋಶ. ಆ ನಡುವಿನ ಕಿಂಡಿಯಲ್ಲಿ ಬಿಟ್ಟ ಕಣಜಕ್ಕೆ ಮಾತ್ರ ಸಂಸಾರ ಹೂಡಲು ಜಾಗವಿದೆ.

ಇದು ನಾನು ಕಂಡುಹಿಡಿದ ಸಂಗತಿಯಲ್ಲ. ರಾಮಚಂದ್ರ ರಾವ್, ಚೆರಿಯನ್, ಅನಂತನಾರಾಯಣನ್ ಎಂಬ ಮೂವರು ದಕ್ಷಿಣ ಭಾರತದಲ್ಲಿ ಈ ಹುಳುವಿನ ಹಾವಳಿಯನ್ನೂ ಅದರ ಜೈವಿಕ ಹತೋಟಿಯನ್ನೂ ಕುರಿತು ಸುದೀರ್ಘ ಪ್ರಬಂಧ ಪ್ರಕಟಿಸಿದ್ದು 1948ರಲ್ಲಿ. ಒಂದೊಂದು ಹಂತಕ್ಕೂ ಒಂದೊಂದು ಕಣಜ ಎಂಬ ಲೆಕ್ಕವನ್ನು ಸಿಪಿಸಿಆರ್‌ಐ ಎಂದೋ ಕೊಟ್ಟಿದೆ. ಹುಳುವಿನ ಹಂತದಲ್ಲಿ ಮರದಲ್ಲಿರುವ ಹುಳುಗಳ ಸಂಖ್ಯೆಯ ಶೇಕಡಾ 20.5ರಷ್ಟು ಗೋನಿಯೋಜಸ್ ಬಿಡಬೇಕು. ತಿನ್ನುವುದು ನಿಲ್ಲಿಸಿ ಕೋಶವಾಗಲು ಸಜ್ಜಾದ ಹುಳುವಿಗೆ ಶೇಕಡಾ 49.4ರಷ್ಟು ಎಲಾಸ್ಮಸ್. ಕೋಶಕ್ಕೆ ಶೇಕಡಾ 31.9ರಷ್ಟು ಬ್ರಾಕಿಮೇರಿಯಾ. ಈ ಕೊನೆಯದು ತೊಡೆ ದಪ್ಪಗಿರುವ ಗಟ್ಟಿಮುಟ್ಟು ಕಣಜ, ಕೋಶದೊಳಕ್ಕೇ ಮೊಟ್ಟೆಯಿಡುತ್ತದೆ. ತೋಟದಲ್ಲಿ ಕೋಶದ ತುದಿಯಲ್ಲಿ ದುಂಡನೆಯ ತೂತು ಕಂಡರೆ ಪತಂಗದ ಬದಲು ಅದು ಹೊರಬಂದಿದೆ ಎಂದು ತಿಳಿಯಬೇಕು. ನನ್ನಂಥವರಿಗೆ ಆ ಮಾರ್ಚ್ ತಿಂಗಳಲ್ಲಿ ಬೇಕಾಗಿದ್ದದ್ದು ಅದು. ಕೇಳಿದೆ. ‘ನಮ್ಮಲ್ಲಿ ಗೋನಿಯೋಜಸ್ ಮಾತ್ರ’ ಎಂದರು.

ಇನ್ನು ಪ್ರಮಾಣ. ನಮಗೆ ಸಾಮಾನ್ಯವಾಗಿ ಹೇಳುವುದು ಮರಕ್ಕೆ ಹತ್ತರಿಂದ ಹದಿನೈದು ಕಣಜ, ಹದಿನೈದು ದಿನಕ್ಕೊಮ್ಮೆ, ನಾಲ್ಕು ಸಲ ಎಂದು. ಮೇಲಿನ ಶೇಕಡಾವಾರನ್ನು ತಿರುಗಿಸಿ ಲೆಕ್ಕ ಹಾಕಿದರೆ, ಒಂದು ಸಲಕ್ಕೆ ಹತ್ತು ಹದಿನೈದು ಕಣಜ ಎಂಬುದು ಸುಮಾರು 50ರಿಂದ 75 ಹುಳುವಿರುವ ಮರಕ್ಕೆ ಹೊಂದುವ ಸಂಖ್ಯೆ. ಒಂದೇ ಮರದಲ್ಲಿ 400 ಹುಳುವಿದ್ದರೆ 82 ಬೇಕು. ಪಕ್ಕದ ಮರದಲ್ಲಿ ಇಪ್ಪತ್ತೇ ಹುಳುವಿದ್ದರೆ ನಾಲ್ಕು ಸಾಕು. ಎರಡಕ್ಕೂ ಒಂದೇ ಅಳತೆ ಹಾಕಿದರೆ ಒಂದು ಕಡೆ ಉಪವಾಸ, ಇನ್ನೊಂದು ಕಡೆ ದಂಡ. ಪ್ರಯೋಗಾಲಯದವರು ಅಕ್ಕಿ ಪತಂಗದ ಹುಳುವನ್ನು ಸಾಕಿ, ಅದರ ಮೇಲೆ ಈ ಕಣಜವನ್ನು ಬೆಳೆಸುತ್ತಾರೆ. ತಾಳ್ಮೆಯ, ನಾಜೂಕಿನ ಕೆಲಸ ಅದು. ಅಷ್ಟು ಶ್ರಮದ ಸರಕನ್ನು ಅಂದಾಜಿನ ಮೇಲೆ ಹಂಚುವುದು ನನಗೆ ಹೊಟ್ಟೆ ಉರಿಸುತ್ತದೆ. ಅಕ್ಕಿಯ ಹುಳುವಿನ ಮೇಲೆ ಹುಟ್ಟಿ ಬೆಳೆದ ಕಣಜಕ್ಕೆ ತೆಂಗಿನ ಹುಳುವಿನ ವಾಸನೆ ಗೊತ್ತಿರುವುದಿಲ್ಲ. ಬಿಡುವ ಮುಂಚೆ ತೆಂಗಿನ ಹುಳುವಿನ ಕೊಳವೆಯ, ಹಿಕ್ಕೆಯ ವಾಸನೆಗೆ ಒಡ್ಡಿದರೆ ಅದು ಚುರುಕಾಗಿ ಬೇಟೆ ಹುಡುಕುತ್ತದೆ. ಇದೂ ಸಿಪಿಸಿಆರ್‌ಐಯವರೇ ಹೇಳಿದ್ದು. ಖರ್ಚಿಲ್ಲದ ಉಪಾಯ. ಎಷ್ಟು ಕಡೆ ಮಾಡುತ್ತಿದ್ದೀರಿ?

ಔಷಧಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅರವತ್ತು ಅಡಿ ಮರದ ತಲೆಗೆ ಸಿಂಪಡಿಸುವುದು ಎಂಥ ಸಾಹಸವೆಂದು ಎಲ್ಲರಿಗೂ ಗೊತ್ತು. ಹೊಡೆದರೂ ಕೊಳವೆಯೊಳಗಿನ ಹುಳು ಬೆಚ್ಚಗೆ ಕುಳಿತಿರುತ್ತದೆ, ಎಲೆಯ ಮೇಲೆ ನಡೆದಾಡುವ ಕಣಜ ಸಾಯುತ್ತದೆ. ಬೇರಿನ ಮೂಲಕ ಮಾನೋಕ್ರೊಟೊಫಾಸ್ ಉಣಿಸುವ ಪದ್ಧತಿ ನಮ್ಮಲ್ಲಿ ಬಹಳ ವರ್ಷ ನಡೆಯಿತು. ಬಿಹಾರದಲ್ಲಿ 2013ರಲ್ಲಿ ಬಿಸಿಯೂಟ ಉಂಡು 23 ಮಕ್ಕಳು ಸತ್ತದ್ದು ಅದೇ ವಿಷದಿಂದ. 2023ರಲ್ಲಿ ಕೇಂದ್ರ ಸರ್ಕಾರ ಅದರ ಶೇಕಡಾ 36ರ ದ್ರಾವಣದ ನೋಂದಣಿಯನ್ನು ರದ್ದುಪಡಿಸಿತು. ಆದರೂ ‘ಹಳೆಯ ಡಬ್ಬಿ ಒಂದಿದೆ’ ಎನ್ನುವವರು ಇನ್ನೂ ಸಿಗುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಕಣಜ ಹೊತ್ತಿಗೆ ಸರಿಯಾಗಿ ಕೈಗೆ ಸಿಗದಿದ್ದಾಗಲೇ ಆ ಡಬ್ಬಿ ಅಟ್ಟದಿಂದ ಕೆಳಗಿಳಿಯುವುದು.

ಹೊತ್ತಿಗೆ ಸರಿಯಾಗಿ ಕಣಜವಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2016ರಲ್ಲಿ ಕೇರಳ, ತಮಿಳುನಾಡುಗಳ ತೆಂಗಿಗೆ ಸುರುಳಿ ಬಿಳಿ ನೊಣ ಬಿದ್ದಾಗ ಎಲ್ಲರೂ ಗಾಬರಿಯಾಗಿದ್ದರು. ಆಗ ವಿಜ್ಞಾನಿಗಳು ಕೊಟ್ಟ ಮುಖ್ಯ ಸಲಹೆ ಕೀಟನಾಶಕ ಹೊಡೆಯಬೇಡಿ ಎಂಬುದು. ಏಕೆಂದರೆ ಎನ್ಕಾರ್ಸಿಯಾ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕಣಜ ಆ ನೊಣದ ಮರಿಗಳನ್ನು ಆಗಲೇ ಹಿಡಿಯತೊಡಗಿತ್ತು. ಅದರ ಪಾಡಿಗೆ ಅದನ್ನು ಬಿಟ್ಟ ತೋಟಗಳಲ್ಲಿ ಅದು ತನ್ನ ಕೆಲಸ ಮಾಡಿತು.

ಬೆಳೆಗಾರರಿಗೂ ಒಂದು ಮಾತು. ಹೆಚ್ಚು ಹುಳು ಹತ್ತಿದ ಕೆಳಗಿನ ಎರಡು ಮೂರು ಗರಿ ಕೊಯ್ದು ಸುಡಿ ಎಂಬ ಸಲಹೆ ಸರಿಯಾದದ್ದೇ. ಆದರೆ ಬೆಂಕಿ ಇಡುವ ಮುನ್ನ ನಾಲ್ಕು ಎಲೆ ತಿರುವಿ ನೋಡಿ. ಸುಕ್ಕಿದ ಹುಳುವಿನ ಪಕ್ಕ ಕಂದು ಗೂಡಿನ ಗೊಂಚಲಿದ್ದರೆ ನೀವು ಸುಡಹೊರಟಿರುವುದು ನಿಮ್ಮ ಕೂಲಿಯಾಳುಗಳನ್ನೇ. ನಾನು ಅಂಥ ತುಂಡನ್ನು ಕತ್ತರಿಸಿ, ಹುಳುವಿರುವ ಇನ್ನೊಂದು ಮರದ ಕಾಂಡಕ್ಕೆ ನೆರಳಿನ ಕಡೆ ಕಟ್ಟುತ್ತೇನೆ. ನೆಲಕ್ಕೆ ಎಸೆದರೆ ಇರುವೆಯ ಪಾಲು. ಇನ್ನೊಂದು ವಿಷಯ: ‘ಅವನ ತೋಟದಲ್ಲಿ ಬಿಟ್ಟಿದ್ದಾನಲ್ಲ, ನನ್ನದಕ್ಕೂ ಬರುತ್ತವೆ ಬಿಡು’ ಎಂದು ಕೈಕಟ್ಟಿ ಕೂರುವುದು ನಮ್ಮ ಹಳೆಯ ಚಾಳಿ. ಪತಂಗಕ್ಕೆ ಬೇಲಿ ಗೊತ್ತಿಲ್ಲ. ನಿಮ್ಮಲ್ಲಿ ಹುಟ್ಟಿದ್ದು ಅವನ ತೋಟಕ್ಕೆ ಬರುತ್ತದೆ.

ಅಧಿಕಾರಿಗಳಲ್ಲಿ ನಾನು ಕೇಳುವುದು ಹೊಸ ಯೋಜನೆಯನ್ನಲ್ಲ, ಹೊಸ ಕಟ್ಟಡವನ್ನೂ ಅಲ್ಲ. ಅರ್ಜಿಯ ನಮೂನೆಗೆ ಒಂದು ಸಾಲು ಸೇರಿಸಿ: ಹುಳು ಯಾವ ಹಂತದಲ್ಲಿದೆ, ಗರಿಗೆ ಎಷ್ಟಿವೆ. ಅದನ್ನು ಗುರುತಿಸಲು ಡಿಗ್ರಿ ಬೇಡ. ಊರಿನ ಇಬ್ಬರಿಗೆ, ಅದರಲ್ಲೂ ಮರ ಹತ್ತಿ ಕಾಯಿ ಕೀಳುವವರಿಗೆ, ಒಂದು ದಿನ ತೋರಿಸಿಕೊಟ್ಟರೆ ಸಾಕು. ಪ್ರತಿದಿನ ಗರಿಯ ನಡುವೆ ಓಡಾಡುವವರು ಅವರು, ನಮಗಿಂತ ಮೊದಲು ಅವರಿಗೇ ಹುಳು ಕಾಣುವುದು. ಅವರಿಗೆ ಅದಕ್ಕೊಂದು ಕೂಲಿಯನ್ನೂ ಕೊಡಿ. ಎರಡನೆಯದಾಗಿ, ಸರ್ವೆ ನಂಬರ್ ಪ್ರಕಾರ ಹಂಚುವುದನ್ನು ಬಿಟ್ಟು ಹಾವಳಿಯಿರುವ ಇಡೀ ಬಯಲಿಗೆ ಒಂದೇ ವಾರದಲ್ಲಿ ಬಿಡಿಸಿ. ಅರ್ಜಿ ಕೊಡಲು ಬಾರದವನ ಹತ್ತು ಮರ ನಡುವೆ ಉಳಿದರೆ ಮುಂದಿನ ಸುತ್ತು ಅಲ್ಲಿಂದಲೇ ಶುರುವಾಗುತ್ತದೆ. ಮೂರನೆಯದು, ಬಿಟ್ಟ ಎರಡು ವಾರದ ಮೇಲೆ ಯಾರಾದರೂ ಬಂದು ಒಂದು ಗರಿ ಬಿಡಿಸಿ ನೋಡಲಿ. ಈಗ ಕಡತದಲ್ಲಿ ಉಳಿಯುವುದು ಎಷ್ಟು ಕಣಜ ವಿತರಿಸಲಾಯಿತು ಎಂಬ ಅಂಕಿ ಮಾತ್ರ. ನನ್ನ ಪೆಟ್ಟಿಗೆಯ ಕಣಜಗಳೂ ಆ ಲೆಕ್ಕದಲ್ಲಿ ಸೇರಿವೆ. ಅವುಗಳಲ್ಲಿ ಒಂದಾದರೂ ಹುಳು ಹಿಡಿಯಿತೇ ಎಂಬುದು ಯಾವ ಕಡತದಲ್ಲೂ ಇಲ್ಲ. ಕೋಶದ ಕಣಜ ಬ್ರಾಕಿಮೇರಿಯಾವನ್ನು ಸಾಕುವುದು ಕಷ್ಟವಿರಬಹುದು. ಕೊಡಲಾಗದಿದ್ದರೆ, ‘ನಿಮ್ಮಲ್ಲಿ ಈಗ ಕೋಶವಿದೆ, ಇಂಥ ವಾರ ಬನ್ನಿ, ಆಗ ಗೋನಿಯೋಜಸ್ ಕೊಡುತ್ತೇವೆ’ ಎಂದಾದರೂ ಹೇಳಿ ಕಳಿಸಿ. ಕಾಯುವುದಕ್ಕೆ ನಮಗೇನೂ ಬೇಸರವಿಲ್ಲ. ತೆಂಗು ಬೆಳೆಯುವವನಿಗೆ ಕಾಯುವುದನ್ನು ಯಾರೂ ಕಲಿಸಬೇಕಿಲ್ಲ.

ಇಂದು ಬೆಳಿಗ್ಗೆ ಬಡಗಣ ಸಾಲಿನ ಆರು ಮರಗಳಿಂದ ಒಂದೊಂದು ಗರಿ ಇಳಿಸಿ ನೋಡಿದೆ. ಈ ವರ್ಷವೂ ಹುಳು ಬಂದಿದೆ. ಹೆಚ್ಚಿನವು ಅಕ್ಕಿ ಕಾಳಿಗಿಂತ ತುಸು ಉದ್ದವಿವೆ, ಕೋಶ ಒಂದೂ ಇಲ್ಲ, ಕಣಜದ ಗೂಡು ಎರಡು ಕಡೆ ಮಾತ್ರ ಕಂಡಿತು. ನನ್ನ ಲೆಕ್ಕ ಸರಿಯಿದ್ದರೆ ಮುಂದಿನ ವಾರದಿಂದ ಸುಮಾರು ಮೂರು ವಾರ ಇವು ಗೋನಿಯೋಜಸ್‌ಗೆ ಹದವಾಗಿರುತ್ತವೆ. ಅರ್ಜಿಯನ್ನು ನಿನ್ನೆಯೇ ಕೊಟ್ಟಿದ್ದೇನೆ. ನಮೂನೆಯಲ್ಲಿ ಜಾಗವಿರಲಿಲ್ಲ, ಹಾಗಾಗಿ ಹುಳುವಿನ ಅಳತೆಯನ್ನು ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ. ದಯವಿಟ್ಟು ತಿರುವಿ ನೋಡಿ.

ಇಂತಿ,
ಒಬ್ಬ ತೆಂಗಿನ ಬೆಳೆಗಾರ